ಚಪ್ಪಲಿ ಸಾಲಿನಲ್ಲಿ ಕೂಸಿನ ಬೂಟು

ನಾನು ಸಮಾಜಸೇವೆ ಮಾಡುವ ಪೈಕಿಯವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಯಾರಿಗಾದರೂ ಒಂದು ತಂಬಿಗೆ ನೀರು ಕೊಟ್ಟರೂ ಮರುದಿನ ಶಾಲು ಹೊದಿಸಿ ಫೋಟೊ ಹೊಡೆದು ಗ್ರೂಪಿಗೆ ಹಾಕುವ ಚಟ ಹೆಚ್ಚಾಗಿದೆ. ನಾನು ಮುಗಳಖೋಡದ ಆಚೆ ಕಬ್ಬಿನ ನಡುವೆ ಇರುವ ಒಂದು ತೋಟದ ಶಾಲೆಯ ಅಕ್ಕೋರು, ಅಷ್ಟೇ. ಎರಡು ಕೋಣೆ, ಒಂದು ಬೇವಿನ ಮರ, ಇಪ್ಪತ್ತು ಚಿಲ್ಲರೆ ಮಕ್ಕಳು. ನನ್ನ ದನಿ ಪಕ್ಕದ ತೋಟದ ಪಂಪ್‌ಸೆಟ್ಟಿಗಿಂತ ಜೋರು ಎಂದು ಹೆಸರಿದೆ. ಪಂಪ್‌ಸೆಟ್ಟಿಗಾದರೂ ಕರೆಂಟ್ ಹೋಗುತ್ತದೆ, ಅಕ್ಕೋರಿಗೆ ಅದೂ ಇಲ್ಲ ಎಂದು ಮಕ್ಕಳ ಅಪ್ಪಂದಿರು ನನ್ನ ಬೆನ್ನ ಹಿಂದೆ ನಗುತ್ತಾರೆ. ನಗಲಿ.

ಆ ಶಾಲೆಯಲ್ಲಿ ನನ್ನದು ಒಂದೇ ಕಾಯಿದೆ: ಚಪ್ಪಲಿ ಹೊರಗೆ. ಮಳೆ ಬಿದ್ದರೆ ನಮ್ಮ ಕರಿಮಣ್ಣು ಚಪ್ಪಲಿಗೆ ಅಂಟಿಕೊಂಡು ಸೇರುಗಟ್ಟಲೆ ಒಳಗೆ ಬರುತ್ತದೆ. ಜವಾನನಿಲ್ಲದ ಶಾಲೆಯಲ್ಲಿ ಫರಸಿಕಲ್ಲಿನ ನೆಲ ತಿಕ್ಕುವವಳು ನಾನೇ. ಹಾಗಾಗಿ ಶಾಲೆ ನೋಡಲು ಬಂದ ಸಾಹೇಬರನ್ನೂ ಬಿಟ್ಟಿಲ್ಲ, "ಸರ್, ಚಪ್ಪಲಿ" ಎಂದು ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಬಿಸಿಯೂಟದ ಅಡುಗೆ ಕೋಣೆಗಂತೂ ಇನ್ನೂ ಬಿಗಿ. ಹೊಸದಾಗಿ ಸೇರಿದ ಅಡುಗೆಯವಳು ಮೊದಲ ದಿನ ಚಪ್ಪಲಿ ಮೆಟ್ಟಿಕೊಂಡೇ ಒಲೆಯ ಹತ್ತಿರ ಹೋದಾಗ, "ಅನ್ನ ಅಂದ್ರ ದೇವ್ರು, ಮನಿಯಾಗೂ ಹಿಂಗ ಮೆಟ್ಟಕೊಂಡ ಅಡ್ಡಾಡ್ತೀಯೇನ ಬೇ?" ಎಂದು ಎಲ್ಲರೆದುರು ಝಾಡಿಸಿದ್ದೆ. ಆ ಮಾತು ಒಂದು ದಿನ ನನ್ನ ತಲೆಯ ಮೇಲೇ ಬಂದು ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

ಆ ಅಡುಗೆಯವಳು ಕುರಿ ಕಾಯುವ ಮನೆಯ ಸೊಸೆ. ಗಂಡ ಮತ್ತು ಮಾವ ವರ್ಷದಲ್ಲಿ ಅರ್ಧ ಭಾಗ ಕುರಿಗಳ ಹಿಂದೆ ಕೊಲ್ಲಾಪುರದ ಕಡೆ ಇರುತ್ತಾರೆ. ಇವಳು ಮತ್ತು ಅತ್ತೆ ಒಬ್ಬರ ಕಬ್ಬಿನ ಹೊಲದ ಮೂಲೆಯಲ್ಲಿ ತಗಡಿನ ಮನೆ ಕಟ್ಟಿಕೊಂಡು ಉಳಿಯುತ್ತಾರೆ. ಹೆರಿಗೆಯಾಗಿ ಎರಡು ತಿಂಗಳಿಗೆ ಇವಳು ಕೂಸನ್ನು ಹೊತ್ತು ಕೆಲಸಕ್ಕೆ ಮರಳಿದಳು. ಬೇವಿನ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಅದರಲ್ಲಿ ಹಾಕಿ ಒಲೆ ಹಚ್ಚುತ್ತಿದ್ದಳು. ಆ ಕೂಸು, ಹೆಣ್ಣು ಕೂಸು, ಎಂಥ ಬಿಸಿಲಿದ್ದರೂ ಸೊಂಟದಿಂದ ಕೆಳಗೆ ಬಟ್ಟೆಯಲ್ಲಿ ಸುತ್ತಿಕೊಂಡೇ ಇರುತ್ತಿತ್ತು.

ಒಂದು ದಿನ ಸಾಂಬಾರಿನಲ್ಲಿ ಹರಳು ಸಿಕ್ಕಿತೆಂದು ಜಗಳ ತೆಗೆಯಲು ನಾನು ಅಡುಗೆ ಕೋಣೆಗೆ ಹೊರಟಿದ್ದೆ. ಕೂಸು ಕಿರುಚುತ್ತಿತ್ತು, ತಾಯಿಯ ಕೈಯಲ್ಲಿ ಕುದಿಯುವ ಪಾತ್ರೆ. ನಾನೇ ಎತ್ತಿಕೊಂಡೆ. ಸುತ್ತಿದ ಬಟ್ಟೆ ಜಾರಿತು. ಎರಡೂ ಪಾದಗಳು ಒಳಕ್ಕೆ ತಿರುಚಿ, ಅಂಗಾಲುಗಳು ಒಂದಕ್ಕೊಂದು ಮುಖ ಮಾಡಿಕೊಂಡಿದ್ದವು, ಕಾಲಿನಿಂದಲೇ ನಮಸ್ಕಾರ ಮಾಡುವ ಹಾಗೆ. ಹರಳು, ಸಾಂಬಾರು, ಜಗಳ ಎಲ್ಲ ಮರೆತೇಹೋಯಿತು. ತಾಯಿ ಸೌಟು ಹಿಡಿದುಕೊಂಡೇ ಓಡಿಬಂದು ಬಟ್ಟೆ ಎಳೆದು ಮುಚ್ಚಿದಳು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ. ತಪ್ಪ ನಂದ ಐತ್ರಿ. ಗ್ರಹಣ ಹಿಡದಾಗ ಬದನಿಕಾಯಿ ಹೆಚ್ಚೀನ್ರಿ."

"ಬದನಿಕಾಯಿ ಹೆಚ್ಚಿದ್ರ ಎಣ್ಣಿಗಾಯಿ ಆಗ್ತೈತಿ, ಕಾಲ ಸೊಟ್ಟ ಆಗಂಗಿಲ್ಲ," ಎಂದೆ. "ನಾ ಬಸರಿದ್ದಾಗ ಗ್ರಹಣದಾಗ ಕುಂತು ಅರ್ಧಾ ಕಿಲೋ ಉಳ್ಳಾಗಡ್ಡಿ ಹೆಚ್ಚೀನಿ. ನನ್ನ ಮಗನ ಕಾಲು ನೆಟ್ಟಗ ಅದಾವ. ತಲೀನ ಒಂದೀಟ ಸೊಟ್ಟ."

ಅವಳು ಅಳುತ್ತಲೇ ಫಕ್ಕನೆ ನಕ್ಕಳು. ಆ ನಗುವಿಗೇ ನಾನು ಸಿಕ್ಕಿಬಿದ್ದೆ. ಓಣಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದುಕೊಳ್ಳುವುದೆಂದರೆ ಇದೇ.

ಮೀರಜಿನ ಒಂದು ಆಸ್ಪತ್ರೆಯಲ್ಲಿ ನನ್ನ ಚಿಕ್ಕಮ್ಮನ ಮಗಳು ನರ್ಸ್. ಕಾಲಿನ ಫೋಟೊ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು. "ಇಂಥಾ ಕೂಸು ಭಾಳ ಬರ್ತಾವ್ ಅಕ್ಕಾ. ಪುಗಸಟ್ಟೆ ಮಾಡ್ತಾರ. ವಾರಕ್ಕೊಮ್ಮೆ ಪಲಸ್ತರ ಹಾಕಿ ಹಾಕಿ ಸಾವಕಾಶ ತಿರುಗಸ್ತಾರ. ಆದ್ರ ಈಗ ತರಬೇಕ. ಎಲಬು ಬಲಿತಂದ್ರ ಮುಂದ ಅದು ಹಿಮ್ಮಡಿ ಊರಂಗಿಲ್ಲ, ಕಾಲಿನ ಬಗಲ ಮ್ಯಾಲ ನಡೀತೈತಿ, ಹುಣ್ಣ ಮಾಡ್ಕೊಂತ." ಕಾಲಿನ ಬಗಲ ಮೇಲೆ ನಡೆಯುವ ಹೆಣ್ಣುಮಗಳನ್ನು ನಾನು ಕುಡಚಿ ಸ್ಟೇಷನ್ನಿನಲ್ಲಿ ನೋಡಿದ್ದೇನೆ. ಅವಳು ಪ್ಲಾಟ್‌ಫಾರ್ಮ್ ದಾಟುವುದರೊಳಗೆ ಗಾಡಿ ಹೋಗಿಬಿಡುತ್ತಿತ್ತು. ಇಷ್ಟು ಗೊತ್ತಾದ ಮೇಲೆ ಸುಮ್ಮನಿರುವುದು ನನ್ನ ಕೈಲಿ ಆಗುವ ಮಾತಲ್ಲ.

ಆದರೆ ಆ ಮನೆಯಲ್ಲಿ ಅತ್ತೆಯೊಬ್ಬಳಿದ್ದಳಲ್ಲ! ಕೂಸಿನ ಅಜ್ಜಿ. ಊರೆಲ್ಲ ಅವಳನ್ನು ಆಯಿ ಅನ್ನುತ್ತಿತ್ತು. ಕಡ್ಡಿಯಂಥ ದೇಹ, ಹಣೆಯಲ್ಲಿ ಸದಾ ಭಂಡಾರ, ಅಂದರೆ ಅವರ ದೇವರ ಅರಿಸಿನ. ಕುರಿಗಳ ಹಿಂದೆ ನಾಡು ಸುತ್ತಿದ್ದರಿಂದ ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಹದದಲ್ಲಿ ಬಯ್ಯಬಲ್ಲವಳು. ನಾನು ಹೋಗಿ ವಿಷಯ ಹೇಳಿದೆ. ಅವಳು ಮೊಮ್ಮಗಳ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಪೂರ್ತಿ ಕೇಳಿಸಿಕೊಂಡಳು. ಕೇಳಿದ್ದು ಒಂದೇ ಮಾತು.

"ಕೊಯ್ತಾರೇನ್ರಿ?"

"ಛೇ ಛೇ. ಬರೇ ಪಲಸ್ತರ."

"ದೇವರಾಣಿ?"

"ದೇವರಾಣಿ," ಎಂದುಬಿಟ್ಟೆ. ಕೊನೆಯಲ್ಲಿ ಹಿಮ್ಮಡಿಯ ನರಕ್ಕೆ ಬ್ಲೇಡಿನ ಸಣ್ಣದೊಂದು ಚುಚ್ಚು ಇರುತ್ತದೆಂದು ನರ್ಸ್ ತಂಗಿ ಹೇಳಿದ್ದಳು. ಅದು ಇನ್ನೂ ಆರು ವಾರದ ಮಾತು, ಅಷ್ಟರಲ್ಲಿ ನೋಡಿಕೊಂಡರಾಯಿತು ಎಂದು ನುಂಗಿಕೊಂಡೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವವಳು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಮೊದಲ ಸಲ ರಜೆ ಹಾಕಿ ನಾನೇ ಕರೆದುಕೊಂಡು ಹೋದೆ. ಕುಡಚಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತುತ್ತಲೇ ಆಯಿ "ಸರೀರಿ, ಸರೀರಿ, ಕೂಸಿನ ಕಾಲ ಮುರದೈತಿ!" ಎಂದು ಕೂಗಿ ಮೂವರಿಗೂ ಸೀಟು ಮಾಡಿದಳು. "ಮುರದಿಲ್ಲಲ್ಲ ಆಯಿ," ಎಂದರೆ, "ಖರೇ ಹೇಳಿದ್ರ ನಿಂತ ಹೋಗಬೇಕಾಕ್ಕೈತಿ," ಎಂದಳು. ಸುಳ್ಳಿನಲ್ಲಿ ಇಬ್ಬರೂ ಸಮಾನರು ಎಂದು ಅಲ್ಲೇ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಪ್ರತಿ ವಾರ ಅತ್ತೆ ಸೊಸೆ ಇಬ್ಬರೇ ಹೋದರು. ಆ ದಿನ ಬಿಸಿಯೂಟ ನಾನು ಮಾಡುತ್ತಿದ್ದೆ. ಹರಳಿನ ಬಗ್ಗೆ ಮಾತಾಡುವ ಹಕ್ಕನ್ನು ನಾನು ಆಗಲೇ ಕಳೆದುಕೊಂಡೆ.

ಪಲಸ್ತರದ ಮೇಲೆ ಪಲಸ್ತರ ಬಿದ್ದ ಹಾಗೆ ಪಾದ ಹೊರಳುವುದು ಕಣ್ಣಿಗೆ ಕಾಣುತ್ತಿತ್ತು. ಆರನೆಯ ವಾರ ಚುಚ್ಚುವ ದಿನ ಬಂತು. ಮುಖ ತಪ್ಪಿಸಬಾರದೆಂದು ನಾನೂ ಹೋದೆ. ಡಾಕ್ಟರು ಮರಾಠಿಯಲ್ಲಿ, ನರವನ್ನು ಒಂಚೂರು ಕತ್ತರಿಸಬೇಕು, ಹೊಲಿಗೆಯೂ ಬೇಡ, ತಾನೇ ಕೂಡಿಕೊಳ್ಳುತ್ತದೆ ಎಂದರು. ಆಯಿ ಡಾಕ್ಟರಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ ಇಡೀ ವರಾಂಡ ಕೇಳುವಂತೆ ಶುರುಮಾಡಿದಳು. ನನ್ನ ಡಿಗ್ರಿ, ನನ್ನ ನೌಕರಿ, ನನ್ನ ನಾಲಿಗೆ, ನನ್ನ ನಾಲಿಗೆ ಮೇಲಿನ ಮಚ್ಚೆ, ಒಂದನ್ನೂ ಬಿಡಲಿಲ್ಲ. ಕನ್ನಡದಲ್ಲಿ ಸಾಕಾಗದಾಗ ಮರಾಠಿಗೆ ಹೊರಳಿದಳು. ನಾನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ, ಯಾಕೆಂದರೆ ಅವಳು ಅಂದದ್ದೆಲ್ಲ ನಿಜವಾಗಿತ್ತು.

ಸಹಿ ಮಾಡಿದ್ದು ಸೊಸೆ. ಅದುವರೆಗೆ ಅತ್ತೆಯೆದುರು ಹೂಂ ಉಹೂಂ ಬಿಟ್ಟು ಬೇರೆ ಮಾತಾಡದವಳು ನಮ್ಮಿಬ್ಬರ ನಡುವೆ ನಿಂತು, "ಅತ್ತಿ, ಅಕ್ಕೋರು ಸುಳ್ಳ ಹೇಳಿರಬೌದು. ಆದ್ರ ಕಾಲು ತಿರಗಿದ್ದು ಸುಳ್ಳಲ್ಲ," ಎಂದು ಪೆನ್ನು ಇಸಿದುಕೊಂಡಳು. ಕೂಸು ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಹೊರಗೆ ಬಂದು ಹಾಲು ಕುಡಿಯಿತು.

ಮತ್ತೆ ಮೂರು ವಾರದ ಪಲಸ್ತರ ಬಿಚ್ಚಿದಾಗ ಎರಡು ಪಾದ ಬಂದವು ನೋಡಿ, ನಿಜವಾದ ಪಾದಗಳು! ಆಯಿ ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಆಮೇಲೆ ಬೂಟು ಕೊಟ್ಟರು. ಎರಡು ಪುಟ್ಟ ಬೂಟು, ನಡುವೆ ಅವನ್ನು ಅಗಲಿಸಿ ಹಿಡಿಯುವ ಒಂದು ಕಬ್ಬಿಣದ ಪಟ್ಟಿ. ಡಾಕ್ಟರು ಒತ್ತಿ ಒತ್ತಿ ಹೇಳಿದರು: ಮೂರು ತಿಂಗಳು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಿರಬೇಕು, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಪ್ರತಿ ರಾತ್ರಿ. ಕೂಸು ಮಲಗಿದಾಗಲೇ ಇದರ ಕೆಲಸ. ಬಿಟ್ಟರೆ ಕಾಲು ಹಳೆಯ ದಾರಿಗೇ ಹೋಗುತ್ತದೆ.

"ಹಾಕ್ತೀವ್ರಿ," ಎಂದು ಇಬ್ಬರೂ ತಲೆಯಾಡಿಸಿದರು.

ನನ್ನ ಕೆಲಸ ಮುಗಿಯಿತು ಎಂದು ನಾನು ಬೀಗಿದೆ. ಶಾಲುಗಳ ಬಗ್ಗೆ ಮೇಲೆ ಏನೇನೋ ಅಂದೆನಲ್ಲ, ಈಗ ಒಪ್ಪಿಕೊಳ್ಳುತ್ತೇನೆ: ಆ ಕಾಲಿನ ಮೊದಲಿನ ಮತ್ತು ಆಮೇಲಿನ ಫೋಟೊ ನಮ್ಮ ಶಿಕ್ಷಕರ ಗ್ರೂಪಿಗೆ ನಾನೂ ಹಾಕಿದೆ. ಯಾಕೆ ಹಾಕಬಾರದು? ದಿನಾ ಕೂಸು ಬೂಟು ಹಾಕಿಕೊಂಡೇ ಶಾಲೆಗೆ ಬರುತ್ತಿತ್ತು. ಜೋಳಿಗೆಯಲ್ಲಿ ಪಟ್ಟಿ ಹಿಡಿಯುವುದಿಲ್ಲವೆಂದು ಬೇವಿನ ಕೆಳಗೆ ಚಾಪೆ ಹಾಸಿ ಮಲಗಿಸುತ್ತಿದ್ದರು. ನಾನು ಹೋಗಿ ಪಟ್ಟಿ ಎಳೆದು ನೋಡಿ ಶಭಾಷ್ ಅನ್ನುತ್ತಿದ್ದೆ.

ತಿಂಗಳ ತಪಾಸಣೆಗೆ ಹೋದ ದಿನ ತಂಗಿ ಫೋನ್ ಮಾಡಿದಳು. "ಅಕ್ಕಾ, ಕಾಲ ತಿರಗಿ ಒಳಗ ಹೊಂಟಾವ. ಬೂಟ ಹಾಕಂಗಿಲ್ಲ ಇವರು. ಕೇಳಿದ್ರ ದಿನಾ ಹಾಕ್ತೀವಿ ಅಂತ ಆಣಿ ಮಾಡ್ತಾರ. ಮತ್ತ ಪಲಸ್ತರ ಹಾಕೇವಿ. ಇನ್ನೊಮ್ಮೆ ಹಿಂಗಾದ್ರ ದೊಡ್ಡ ಆಪರೇಷನ್ ಮಾಡಬೇಕಾಕ್ಕೈತಂತ."

ನನ್ನ ನೆತ್ತಿ ಕಾದುಹೋಯಿತು. ದಿನಾ ನನ್ನ ಕಣ್ಣಾರೆ ನೋಡಿದ್ದೇನೆ, ಹಾಕುವುದಿಲ್ಲ ಅಂದರೇನು? ಸಂಜೆ ಸ್ಕೂಟಿ ಹತ್ತಿ ಕಬ್ಬಿನ ನಡುವಿನ ಕಾಲುದಾರಿಯಲ್ಲಿ ಧೂಳೆಬ್ಬಿಸಿಕೊಂಡು ಅವರ ಮನೆಗೆ ಹೋದೆ. ಹೊಸ್ತಿಲ ಹೊರಗೆ ಚಪ್ಪಲಿಗಳ ಸಾಲಿತ್ತು. ಆಯಿಯ ಹರಕು ಚಪ್ಪಲಿ, ಸೊಸೆಯ ಪ್ಲಾಸ್ಟಿಕ್ ಚಪ್ಪಲಿ, ಅವುಗಳ ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಸಮೇತ ಪುಟ್ಟ ಎರಡು ಬೂಟು. ನೀಟಾಗಿ, ಮೂತಿ ಹೊರಗೆ ಮಾಡಿ ಇಟ್ಟಿದ್ದರು.

ಎರಡೂ ಕಾಲಿಗೆ ಪಲಸ್ತರ ಇದ್ದ ಕೂಸು ಒಳಗೆ ಜೋಳಿಗೆಯಲ್ಲಿ ನಿದ್ದೆ ಮಾಡುತ್ತಿತ್ತು. ಇರುವುದೇ ಒಂದು ಖೋಲಿ. ಒಲೆ ಅಲ್ಲೇ, ಹಾಸಿಗೆ ಅಲ್ಲೇ, ಗೋಡೆಯ ಗೂಡಿನಲ್ಲಿ ಮನೆದೇವರೂ ಅಲ್ಲೇ.

"ಬೂಟ ಯಾಕ ಹೊರಗ ಅದಾವ?"

"ಮತ್ತೆಲ್ಲಿ ಇಡೂನ್ರಿ?" ಎಂದಳು ಆಯಿ.

"ಪಲಸ್ತರ ಹಾಕೂಕಿಂತ ಮೊದಲ? ದಿನಾ ರಾತ್ರಿ?"

"ಮುಂಜಾನೆ ಸಾಲಿಗೆ ಹೋಗೂ ಮುಂದ ಹಾಕ್ತೀವಿ, ಮನೀಗೆ ಬಂದ ಕೂಡ್ಲೆ ಬಿಚ್ಚತೀವಿ. ಚಪ್ಪಲಿ ಹಾಕ್ಕೊಂಡ ಯಾರರ ದೇವರ ಮುಂದ ಮಲಗ್ತಾರೇನ್ರಿ?"

ಹಗಲು ಹೊರಗೆ ಹಾಕಿದರು, ರಾತ್ರಿ ಒಳಗೆ ಬಿಚ್ಚಿದರು. ಅದರ ಕೆಲಸವಿರುವ ಹೊತ್ತಿಗೇ ಬಿಚ್ಚಿದರು, ಅದೂ ಎಷ್ಟು ನಿಷ್ಠೆಯಿಂದ! ಯಾರೂ ಸುಳ್ಳು ಹೇಳಿರಲಿಲ್ಲ. ನನಗೆ ಸಿಟ್ಟು ಬಂದರೆ ಮಾತು ಎಲ್ಲಿಗೆ ಹೋಗುತ್ತದೋ ನನಗೇ ತಿಳಿಯುವುದಿಲ್ಲ. "ಹಂಗಿದ್ರ ದೇವರನ್ನ ಹೊರಗ ಇಡ್ರಿ," ಎಂದುಬಿಟ್ಟೆ. "ಚಪ್ಪಲಿ ಕಾಯಾಕ ಒಬ್ಬಾಂವ ಆದಂಗೂ ಆತು."

ಸೊಸೆ ಕೆನ್ನೆ ಕೆನ್ನೆ ಬಡಿದುಕೊಂಡಳು. ಆಯಿ ಮಾತ್ರ ನನ್ನನ್ನು ದಿಟ್ಟಿಸಿ ನೋಡಿ ಬಹಳ ಶಾಂತವಾಗಿ ಹೇಳಿದಳು: "ನೀವ ಹೇಳೀರಲ್ರಿ ನಮ್ಮ ಸೊಸಿಗೆ. ಅನ್ನ ಅಂದ್ರ ದೇವ್ರು, ಮನಿಯಾಗೂ ಹಿಂಗ ಮೆಟ್ಟಕೊಂಡ ಅಡ್ಡಾಡ್ತೀಯೇನಂತ. ಅಕಿ ಅತ್ಕೋಂತ ಮನೀಗೆ ಬಂದಿದ್ಲು. ಮನಿಯಾಗ ಚಪ್ಪಲಿ ಹಾಕೂ ಮಂದಿ ನಾವಲ್ರಿ ಅಕ್ಕೋರ."

ಮಾಡಿದ್ದುಣ್ಣೋ ಮಹಾರಾಯ. ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಕುರಿ ಕಾಯುವವರೆಂದರೆ ಶುಚಿ ಗೊತ್ತಿಲ್ಲದವರು ಎಂದು ಆ ದಿನ ನನ್ನ ಮಾತಿನಲ್ಲಿ ಇತ್ತು. ಬಾಯಲ್ಲಿ ಬಂದಿರಲಿಲ್ಲ, ಆದರೆ ಇತ್ತು. ಅದು ಅವಳಿಗೆ ತಾಗಿತ್ತು, ಅತ್ತೆಗೂ ತಾಗಿತ್ತು, ಆ ಹಟಕ್ಕೆ ಅವರು ಕೂಸಿನ ಬೂಟನ್ನೂ ಹೊರಗಿಟ್ಟಿದ್ದರು. ನನಗೆ ನಾಚಿಕೆಯಾಯಿತು, ತಡೆಯಲಾರದಷ್ಟು ನಾಚಿಕೆ. "ತಪ್ಪಾತ್ ಆಯಿ," ಎಂದೆ. ಸೊಸೆಯ ಕಡೆ ತಿರುಗಿ ಅವಳಿಗೂ ಅದನ್ನೇ ಹೇಳಿದೆ. ತಪ್ಪಾತು ಎಂಬ ಶಬ್ದ ನನ್ನ ಗಂಡನೂ ಇಪ್ಪತ್ತೈದು ವರ್ಷದಲ್ಲಿ ಕೇಳಿಲ್ಲ.

ಆಯಿ ಎದ್ದು ಹೊರಗೆ ಹೋಗಿ ಬೂಟು ಎತ್ತಿಕೊಂಡಳು. ಅಡಿ ಮೇಲೆ ಮಾಡಿ ನೋಡಿದಳು, ಉಗುರಿನಿಂದ ಕೆರೆದಳು.

"ಇದು ನೆಲಾ ತುಳದಿಲ್ಲ," ಎಂದಳು.

"ಹೆಂಗ ತುಳೀತೈತಿ? ಕೂಸು ಇನ್ನೂ ನಿಂತಿಲ್ಲ," ಎಂದಳು ಸೊಸೆ.

"ನೆಲಾ ತುಳೀದಿದ್ರ ಅದು ಚಪ್ಪಲಿ ಹೆಂಗಾತು? ಕುರಿಮರಿ ಕಾಲ ಮುರದ್ರ ಬಿದಿರ ಸೀಳ ಕಟ್ಟತೀವಿ, ಇಪ್ಪತ್ತೊಂದ ದಿನಾ ಬಿಚ್ಚಂಗಿಲ್ಲ. ಅದನ್ನ ಚಪ್ಪಲಿ ಅಂತೀವೇನ?" ನನ್ನ ಕಡೆ ನೋಡಿದಳು. "ನೀವು ಮೊದಲ ಹಂಗ ಹೇಳಬೇಕೋ ಬ್ಯಾಡೋ? ಬೂಟು, ಬೂಟು ಅಂತ ಬಡಕೊಂಡ್ರಿ."

ತಪ್ಪು ಮತ್ತೆ ನನ್ನದೇ ಆಯಿತು. ಆಗಲಿ ಬಿಡಿ. ಆಯಿ ಬೂಟನ್ನು ತೊಳೆದು ಒರೆಸಿ, ದೇವರ ಗೂಡಿನಿಂದ ಒಂದು ಹಿಡಿ ಭಂಡಾರ ತಂದು ಕಬ್ಬಿಣದ ಪಟ್ಟಿಗೆ ತಿಕ್ಕಿದಳು, ಮೊಮ್ಮಗಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೈಯಲ್ಲೇ. ಆಮೇಲೆ ಅದನ್ನು ದೇವರ ಪಕ್ಕದಲ್ಲಿ ಇಟ್ಟಳು. "ಪಲಸ್ತರ ಬಿಚ್ಚೂ ತನಕಾ ಅಲ್ಲೇ ಇರ್ಲಿ. ಆಮ್ಯಾಲ ಇದನ್ನ ಬಿಚ್ಚಿದಾಂವ ನನ್ನ ಕೂಡ ಮಾತಾಡಬೇಕ." ಪಟ್ಟಿ ಹಿಡಿಯುವಂತೆ ಸೀರೆಯ ಜೋಳಿಗೆ ತೆಗೆದು ಕಂಬಳಿಯದೊಂದು ಅಗಲ ಜೋಳಿಗೆ ಕಟ್ಟಿದ್ದೂ ಅವಳೇ. ಮುಂದಿನ ತಪಾಸಣೆಯಲ್ಲಿ ಬೂಟೆಲ್ಲ ಯಾಕೆ ಹಳದಿ ಎಂದು ಡಾಕ್ಟರು ಕೇಳಿದರಂತೆ. "ದೇವಾಚಂ ಆಹೆ," ದೇವರದು, ಎಂದು ಆಯಿ ಗದರಿಸಿದಳಂತೆ. ಕಾಲು ನೆಟ್ಟಗಿದ್ದದ್ದರಿಂದ ಅವರು ಮುಂದೆ ಕೇಳಲಿಲ್ಲ.

ಈಗ ಕೂಸಿಗೆ ಮೂರು ತುಂಬಿದೆ. ಇನ್ನೊಂದು ವರ್ಷದ ರಾತ್ರಿಗಳು ಬಾಕಿ ಇವೆ. ಬೂಟು ಮೂರು ಸಲ ದೊಡ್ಡದಾಗಿದೆ, ಪ್ರತಿ ಸಲವೂ ಭಂಡಾರ ಬಿದ್ದಿದೆ. ರಾತ್ರಿ ತಾನೇ ಕಾಲು ಚಾಚುತ್ತಾಳಂತೆ, ಬೆಳಗ್ಗೆ ಬಿಚ್ಚಿದ ಮೇಲೆ ತಾನೇ ಒಯ್ದು ದೇವರ ಪಕ್ಕ ಇಡುತ್ತಾಳಂತೆ. ಹೇಳಿದ್ದನ್ನು ಕೇಳಿದ್ದೆ ಅಷ್ಟೇ, ನೋಡಿರಲಿಲ್ಲ.

ಮೊನ್ನೆ ಮಳೆ ಬಿದ್ದು ನಿಂತಿತ್ತು. ಮಳೆಯಲ್ಲೂ ಬಂದಷ್ಟು ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆ. ಫರಸಿಯನ್ನು ಆಗಷ್ಟೇ ತಿಕ್ಕಿದ್ದೆ, ಸೊಂಟ ಇನ್ನೂ ನೋಯುತ್ತಿತ್ತು. ಏಳೆಂಟಲೆ ಐವತ್ತಾರರ ಹತ್ತಿರ ಬಂದಾಗ ಬಾಗಿಲಲ್ಲಿ ಏನೋ ಸರಿದಾಡಿತು. ಅಡುಗೆಯವಳ ಮಗಳು ಬರಿಗಾಲಲ್ಲಿ, ಎರಡೂ ಕೈಯಲ್ಲಿ ಒಂದು ಜೋಡಿ ಚಪ್ಪಲಿ ಹಿಡಿದು, ಕೆಸರು ತೊಟ್ಟಿಕ್ಕಿಸುತ್ತ ಒಳಗೆ ನಡೆದು ಬಂದಳು. ಸರಸ್ವತಿ ಫೋಟೊದ ಕೆಳಗೆ ಜೋಡಿಸಿ ಇಟ್ಟಳು. ನಾನು ಬೋರ್ಡಿನ ಕಡೆ ತಿರುಗಿದ್ದಾಗಲೇ ಅಲ್ಲಿ ಏಳೆಂಟು ಜೋಡಿ ಬಂದು ಕೂತಿದ್ದವು. ತಿರುಗಿ ಹೊರಗೆ ಹೋದಳು. ಮತ್ತೊಂದು ಜೋಡಿ ತಂದಳು. ಅವರ ಮನೆಯಲ್ಲಿ ಅವಳ ಬೂಟು ಇರುವ ಜಾಗ ಅದೇ ಅಲ್ಲವೇ, ದೇವರ ಹತ್ತಿರ? ಇವರ ಚಪ್ಪಲಿ ಪಾಪ ಹೊರಗೆ ಯಾಕಿರಬೇಕು?

ಮಕ್ಕಳು ಮಗ್ಗಿ ನಿಲ್ಲಿಸಿ ನನ್ನ ಮುಖ ನೋಡಿದವು. ಪಂಪ್‌ಸೆಟ್ ಈಗ ಶುರುವಾಗುತ್ತದೆ ಎಂದು ಕೆಲವು ಕಿವಿಯನ್ನೂ ಮುಚ್ಚಿಕೊಂಡವು. ನಾನು ಬಾಯಿ ತೆರೆದೆ. ಆಗ ಫರಸಿ ಕಾಣಿಸಿತು. ಬಾಗಿಲಿನಿಂದ ಸರಸ್ವತಿಯವರೆಗೆ ಒದ್ದೆ ಹೆಜ್ಜೆಗಳು, ಒಂದರ ಪಕ್ಕ ಒಂದು. ಐದು ಬೆರಳು, ಪಾದ, ಹಿಮ್ಮಡಿ. ಪ್ರತಿಯೊಂದರಲ್ಲೂ ಹಿಮ್ಮಡಿ ಪೂರ್ತಿ ಮೂಡಿತ್ತು.

ಅವಳ ತಾಯಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಅಯ್ಯ ನನ್ನ ಶಿವನ! ಅಕ್ಕೋರ, ಎರಡ ಬಡೀರಿ ಅಕಿಗೆ!"

"ಸುಮ್ನಿರ ಬೇ," ಎಂದೆ. "ಇನ್ನ ನಾಕ ಜೋಡಿ ಉಳದಾವ. ಮುಗಸ್ಲಿ."